ಬೀಗಿತ್ತಿಗೆಂದು ತಂದ ಗಂಟು

ಬಸ್ಸು ಹತ್ತುವ ಮೊದಲೇ ಪಿಲ್‌ಸುನ್ ಶಪಥ ಮಾಡಿದ್ದಳು. ಈ ಸಲ ಪ್ರವಾಸದಿಂದ ತಾನು ತರುವ ತಿಂಡಿ, ಪಾನೀಯದ ಮುಂದೆ ಸಿಯೋಲಿನ ಬೀಗಿತ್ತಿ ಬಾಯಿ ಚಪ್ಪರಿಸಲೇಬೇಕು. ಮೊಕ್‌ಪೊ ಬಂದರಿನಲ್ಲಿ ನಲವತ್ತು ವರ್ಷ ಮೀನು ಮಾರಿದವಳ ಶಪಥವೆಂದರೆ ಇಡೀ ಬೀದಿಗೆ ನಡುಕ. ಗಂಡ ದಾಲ್‌ಸು ಮಾತ್ರ ನಡುಗುತ್ತಿರಲಿಲ್ಲ. ಅವನಿಗೆ ಕಿವಿ ಸ್ವಲ್ಪ ಮಂದ.

ಶಪಥಕ್ಕೆ ಕಾರಣವಿತ್ತು. ಮಗ ತೇಸಿಕ್‌ನ ಮದುವೆಯಾದ ಮೇಲೆ, ಹೋದ ಶರತ್ಕಾಲದಲ್ಲಿ ಸೊಸೆಯ ತಾಯಿ ಮೊದಲ ಸಲ ಮನೆಗೆ ಬಂದಿದ್ದಳು. ಪಿಲ್‌ಸುನ್ ಎರಡು ದಿನ ಒಲೆಯ ಮುಂದೆ ನಿಂತು ಏಡಿಯೂ ಸೇರಿ ಹನ್ನೊಂದು ಬಗೆ ಮಾಡಿ, ಮೇಜಿನ ಕಾಲು ಬಾಗುವಷ್ಟು ಬಡಿಸಿದ್ದಳು. ಬೀಗಿತ್ತಿ ರೇಷ್ಮೆ ಉಡುಪಿನಲ್ಲಿ ನೆಟ್ಟಗೆ ಕೂತು, ಎರಡೇ ಎರಡು ಚಮಚ ತಿಂದು, ಚಮಚವನ್ನು ಗೆರೆ ಎಳೆದಂತೆ ಕೆಳಗಿಟ್ಟು, ಹೊಟ್ಟೆ ತುಂಬಿತು ಅಂದಿದ್ದಳು. ಎರಡು ಚಮಚ! ಬಂದರಿನ ಕಡಲಹಕ್ಕಿ ಮರಿಯೂ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಮೀನು ಮಾರುವವಳ ಕೈಯಡುಗೆ ಆ ತಾಯಿಗೆ ಇಳಿಯಲಿಲ್ಲ ಎಂದು ಪಿಲ್‌ಸುನ್ ಚಳಿಗಾಲವೆಲ್ಲ ಕೊರಗಿದಳು. ಈ ಭಾನುವಾರ ಬೀಗಿತ್ತಿ ಮತ್ತೆ ಬರುವವಳಿದ್ದಳು. ಈ ಸಲವೂ ಚಮಚ ಕೆಳಗಿಟ್ಟರೆ ಬೀಗತನ ಹೆಸರಿಗಷ್ಟೇ, ನಡುವೆ ಸಿಕ್ಕಿ ನವೆಯುವವಳು ಆ ಎಳೆ ಸೊಸೆ.

ಬೀದಿಯ ಹೆಂಗಸರ ಪ್ರವಾಸ ಹೊರಟಿದ್ದು ಶುಕ್ರವಾರ. ಹೆದ್ದಾರಿಯ ತಂಗುದಾಣದಲ್ಲಿ ಬಿಸಿ ಬಿಸಿ ಅಕ್ರೋಟಿನ ಕಡುಬು ಕೊಂಡರು. ಅದು ಮನೆಗೆಂದು ಕೊಂಡದ್ದು, ಮುಂದಿನ ತಿರುವಿನೊಳಗೆ ಖಾಲಿ. ಬಸ್ಸಿನ ನಡುವೆ ನಿಂತು ಕುಣಿಯುವಾಗ ಯಾರಿಗೆ ತಾನೇ ಹಸಿವಾಗುವುದಿಲ್ಲ? ಮಾರನೆಯ ದಿನ ಒಂದು ಹಳ್ಳಿಯಲ್ಲಿ ಪಿಲ್‌ಸುನ್ ಅಕ್ಕಿ ಹುರಿಗಾಳು ಅಂಟಿಸಿದ, ಬಾಯಿಗಿಟ್ಟರೆ ಕರಗುವ ಯುಗ್ವಾ ಮಿಠಾಯಿಯ ಪೆಟ್ಟಿಗೆಯೊಂದನ್ನು ಆರಿಸಿದಳು. ಪಕ್ಕದಲ್ಲೇ ಮೂರು ತಲೆಮಾರಿನ ಭಟ್ಟಿಯಲ್ಲಿ ಮೂರು ಬಾಟಲಿ ಮಕ್ಕೊಲ್ಲಿ ತೆಗೆದುಕೊಂಡಳು. ಹಾಲಿನಂತೆ ಬೆಳ್ಳಗಿನ, ಹುಳಿ ಸಿಹಿಯ ಅಕ್ಕಿ ಮದ್ಯ ಅದು.

ಭಟ್ಟಿಯ ಹೆಂಗಸು ಎಚ್ಚರಿಸಿದಳು: "ಅಕ್ಕಾ, ಇದಕ್ಕೆ ಜೀವ ಇದೆ. ತಣ್ಣಗಿಡಿ, ನಿಲ್ಲಿಸಿಡಿ. ಮುಚ್ಚಳದಲ್ಲಿ ಸಣ್ಣ ಸಂದು ಬಿಟ್ಟಿದೀವಿ, ಅದು ಉಸಿರಾಡೋಕೆ. ಮುಚ್ಚಿಬಿಡಬೇಡಿ."

ಬಸ್ಸು ಹೊರಟು ಮೂರು ತಿರುವು ದಾಟುವಷ್ಟರಲ್ಲಿ ಬೇರೆಯವರ ಬಾಟಲಿಗಳು ಆ ಸಂದಿನಿಂದ ತೊಟ್ಟಿಕ್ಕತೊಡಗಿ, ಯಾರದೋ ಹೊಸ ಕೋಟು ಒದ್ದೆಯಾಯಿತು. ಪಿಲ್‌ಸುನ್ ಮುಗುಳ್ನಕ್ಕಳು. ಮೀನಿನ ಪೆಟ್ಟಿಗೆಗೆ ಸುತ್ತುವ ಅಗಲದ ಟೇಪು ಅವಳ ಚೀಲದಲ್ಲಿ ಸದಾ ಇರುತ್ತದೆ. ಮೂರೂ ಬಾಟಲಿಯ ಕತ್ತಿಗೆ ಬಿಗಿಯಾಗಿ ಏಳೇಳು ಸುತ್ತು ಹಾಕಿದಳು.

"ನಲವತ್ತು ವರ್ಷ ಸುತ್ತಿದ ಕೈ ಇದು," ಎಂದು ಬಸ್ಸಿಗೆಲ್ಲ ಕೇಳುವಂತೆ ಸಾರಿದಳು. "ಸಮುದ್ರಾನೇ ತಂದುಕೊಡಿ, ಕಟ್ಟಿಕೊಡ್ತೀನಿ. ಒಂದು ಹನಿ ಆಚೆ ಬರಲ್ಲ."

ಶನಿವಾರ ಸಂಜೆ ಮನೆ ಸೇರಿದವಳೇ ಎರಡು ಬಾಟಲಿಯನ್ನು ಫ್ರಿಜ್ಜಿಗೆ ತುರುಕಿದಳು. ಮೂರನೆಯದನ್ನೂ ಮಿಠಾಯಿಯನ್ನೂ ಗುಲಾಬಿ ಬಟ್ಟೆಯಲ್ಲಿ ಗಂಟು ಕಟ್ಟಿ ಗಂಡನ ಕೈಗಿತ್ತು, ಇದು ಬೀಗಿತ್ತಿಗೆ ಕೊಡುವುದು, ಜೋಪಾನವಾಗಿಡಿ ಎಂದು ಹೇಳಿ, ಮೈ ತಿಕ್ಕಿಸಿಕೊಳ್ಳಲು ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ ಹೊರಟುಹೋದಳು.

ಜೋಪಾನ ಎಂದರೆ ಏನೆಂದು ದಾಲ್‌ಸುವಿಗೆ ಚೆನ್ನಾಗಿ ಗೊತ್ತಿತ್ತು. ಅವನ ತಾಯಿ, ಕಡಲಿಗೆ ಹೋದ ಗಂಡನ ಅನ್ನದ ಬಟ್ಟಲನ್ನು, ಅಡಿಯಿಂದ ಶಾಖ ಹಾಯಿಸಿ ಕಾಯಿಸುವ ಕೋಣೆಯ ನೆಲದ ಅತಿ ಬೆಚ್ಚನೆಯ ಮೂಲೆಯಲ್ಲಿ ದುಪ್ಪಟಿ ಹೊದಿಸಿ ಕಾಯುತ್ತಿದ್ದಳು. ಮನೆಯಲ್ಲಿ ಪ್ರೀತಿಯದೇನಿದ್ದರೂ ಜಾಗ ಅದೇ. ಅವನು ಗಂಟನ್ನು ಅಲ್ಲಿಟ್ಟು, ಎರಡು ದುಪ್ಪಟಿ ಹೊದಿಸಿ, ಬೀಗಿತ್ತಿಗೆ ಚಳಿಯಾಗಬಾರದೆಂದು ನೆಲದ ಶಾಖವನ್ನೂ ಪೂರ್ತಿ ಏರಿಸಿದ.

ಭಾನುವಾರ ಮಧ್ಯಾಹ್ನ ಬೀಗಿತ್ತಿ ಬಂದಳು. ಅದೇ ರೇಷ್ಮೆ, ಅದೇ ನೆಟ್ಟಗಿನ ಬೆನ್ನು. ಗೌರವದ ಅತಿಥಿಯನ್ನು ಕೂರಿಸುವುದು ಎಲ್ಲಿ? ನೆಲದ ಅತಿ ಬೆಚ್ಚನೆಯ ಮೂಲೆಯಲ್ಲಿ! ಮೆತ್ತೆ ಹಾಕಿ, ದುಪ್ಪಟಿಯ ಗುಡ್ಡದ ಪಕ್ಕದಲ್ಲೇ ಕೂರಿಸಿದರು. ಈ ಸಲ ಹದಿಮೂರು ಬಗೆ. ಬೀಗಿತ್ತಿ ಒಂದು ಚಮಚ ತಿಂದಳು. ಎರಡು ಚಮಚ ತಿಂದಳು. ಚಮಚ ಮೆಲ್ಲಗೆ ಕೆಳಗಿಳಿಯತೊಡಗಿತು. ಪಿಲ್‌ಸುನ್‌ಳ ಎದೆಯೂ ಅದರ ಜೊತೆಗೇ ಇಳಿಯಿತು.

ಆಗ ಪಕ್ಕದ ಗುಡ್ಡ ಸಣ್ಣಗೆ ನರಳಿತು.

"ರೀ, ಆ ದುಪ್ಪಟಿ ಒಳಗೆ ಏನಿದೆ?"

"ನೀನು ಕೊಟ್ಟ ಗಂಟು. ಜೋಪಾನವಾಗಿಟ್ಟಿದೀನಿ," ಎಂದ ದಾಲ್‌ಸು ಹೆಮ್ಮೆಯಿಂದ.

ಪಿಲ್‌ಸುನ್ ಏಳುವಷ್ಟರಲ್ಲಿ ಢಮ್ಮೆಂದಿತು. ದುಪ್ಪಟಿ ಹಾರಿತು. ಏಳು ಸುತ್ತಿನ ಟೇಪಿನ ಸಮೇತ ಮುಚ್ಚಳ ಸೂರಿಗೆ ಬಡಿದು ದಾಲ್‌ಸುವಿನ ಸಾರಿನ ಬಟ್ಟಲಿಗೇ ಬಿತ್ತು. ಬಿಳಿಯ ಕಾರಂಜಿ ಬೀಗಿತ್ತಿಯನ್ನು ನೆತ್ತಿಯಿಂದ ಮಂಡಿಯವರೆಗೆ ಮೀಯಿಸಿತು. ಅದರ ಮೇಲೆ ಯುಗ್ವಾದ ಹುರಿಗಾಳು ಅಕ್ಷತೆಯಂತೆ ಉದುರಿತು.

ಪಿಲ್‌ಸುನ್ ಮೊಣಕಾಲೂರಿ, ನೆಲ ಬಾಯಿ ಬಿಡಲಿ ಎಂದು ಬೇಡಿಕೊಂಡಳು. ನೆಲ ಬಿಸಿಯಾಗಿತ್ತೇ ಹೊರತು ಬಾಯಿ ಬಿಡಲಿಲ್ಲ.

ಬೀಗಿತ್ತಿಯ ಮೂಗಿನ ತುದಿಯಿಂದ ಒಂದು ಹನಿ ಜಾರಿ ತುಟಿಗೆ ಬಂತು. ಅವಳು ನಾಲಿಗೆ ಚಾಚಿದಳು. ಯೋಚಿಸಿದಳು. ಮತ್ತೊಮ್ಮೆ ಚಾಚಿದಳು. ಆಮೇಲೆ ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾಳೆ ಅಂದುಕೊಂಡಳು ಪಿಲ್‌ಸುನ್. ಅಲ್ಲ, ಅವಳು ನಗುತ್ತಿದ್ದಳು.

ಆ ಮನೆಯಲ್ಲಿ ಅವಳ ಅಳತೆಗೆ ಆಗುವಂಥದ್ದು ಒಂದೇ ಒಂದಿತ್ತು: ಪಿಲ್‌ಸುನ್ ಮೀನು ಮಾರುವಾಗ ಹಾಕುತ್ತಿದ್ದ, ಸೊಂಟಕ್ಕೆ ಎಲಾಸ್ಟಿಕ್ ಇರುವ ಹೂವಿನ ಚಿತ್ತಾರದ ದೊಗಲೆ ಪೈಜಾಮ, ಅದರದೇ ಅಂಗಿ. ಅದನ್ನು ತೊಟ್ಟು ಬಂದ ಬೀಗಿತ್ತಿ ಕಾಲು ಮಡಚಿ ಧೊಪ್ಪನೆ ಕೂತು, ಉಸ್ಸೆಂದು ಉಸಿರು ಬಿಟ್ಟಳು.

"ಬೀಗರೇ, ಹೋದ ಸಲಾನೇ ಇದನ್ನ ಕೊಡಬಾರದಿತ್ತಾ? ಆ ರೇಷ್ಮೆ ಎದೆ ಮೇಲೆ ಹಗ್ಗ ಬಿಗಿದ ಹಾಗೆ. ಮೂರನೇ ಚಮಚಕ್ಕೆ ಉಸಿರು ನಿಲ್ಲುತ್ತೆ. ಸಾರು ಬೇರೆ ಚೆಲ್ಲಿಬಿಟ್ಟರೆ ನೀವೇನಂದುಕೊಳ್ತೀರೋ ಅಂತ ಭಯ. ವಾಪಸ್ ಹೋಗುವಾಗ ದಾರಿಯುದ್ದಕ್ಕೂ ನಿಮ್ಮ ಏಡಿ ನೆನೆಸಿಕೊಂಡು ಅತ್ತಿದ್ದೆ."

ಅವಳು ಮೂರು ಬಟ್ಟಲು ಅನ್ನ ಉಂಡಳು. ಏಡಿಯ ಚಿಪ್ಪಿನೊಳಗೆ ಅನ್ನ ಕಲೆಸಿ, ಬೆರಳು ಚೀಪಿದಳು. ಫ್ರಿಜ್ಜಿನಲ್ಲಿದ್ದ ಒಂದು ಬಾಟಲಿಯ ಟೇಪು ಬಿಡಿಸಲು ಕತ್ತರಿ, ಚಾಕು, ಕೊನೆಗೆ ದಾಲ್‌ಸುವಿನ ಹಲ್ಲೂ ಬೇಕಾಯಿತು. ಖಾಲಿಯಾಗಲು ಮಾತ್ರ ಅಷ್ಟು ಹೊತ್ತು ಹಿಡಿಯಲಿಲ್ಲ.

ಹೊರಡುವಾಗ ಬೀಗಿತ್ತಿ ಪೈಜಾಮ ಬಿಚ್ಚಿಕೊಡಲಿಲ್ಲ. ಉಳಿದ ಒಂದು ಬಾಟಲಿಯನ್ನಾದರೂ ಒಯ್ಯಿರಿ ಎಂದು ಪಿಲ್‌ಸುನ್ ಬಲವಂತ ಮಾಡಿದಳು. ಅದರ ಟೇಪು ಬಿಡಿಸಿ ಉಸಿರಾಡಿಸಿದ್ದಳು, ನಿಜ. ಆದರೆ ರೈಲಿನಲ್ಲಿ ತುಳುಕಿದರೆ? ನಲವತ್ತು ವರ್ಷದ ಕೈ ತಾನಾಗಿಯೇ ಚೀಲಕ್ಕೆ ಹೋಗಿ, ಟೇಪಿನ ಉರುಳೆಯನ್ನು ಹೊರತೆಗೆಯಿತು.

ಬೀಗಿತ್ತಿ ಮೆಲ್ಲಗೆ ಆ ಉರುಳೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು ತನ್ನ ಕೈಚೀಲಕ್ಕೆ ಹಾಕಿದಳು.

"ಬಾಟಲಿ ಇಲ್ಲೇ ಇರಲಿ, ಬೀಗರೇ, ಮುಂದಿನ ತಿಂಗಳು ಬಂದು ಕುಡೀತೀನಿ. ಉಡುಗೊರೆ ಅಂತ ನನಗೆ ಇದೊಂದನ್ನ ಕೊಟ್ಟುಬಿಡಿ."