ನಕ್ಷೆಯಲ್ಲಿ ನನ್ನ ಕೋಣೆ

ನನಗೊಂದು ಕೋಣೆ ಬೇಕಿತ್ತು. ಅರಮನೆಯಲ್ಲ, ಅಂತಃಪುರವಲ್ಲ, ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಯಾರೂ "ರೀ" ಎನ್ನಲಾಗದ ಒಂದು ಗೂಡು. ಅಣ್ಣತಮ್ಮಂದಿರ ಕಾಲುಗಳ ನಡುವೆ ಮಲಗಿ ಬೆಳೆದವನು ನಾನು. ಮದುವೆಯಾದ ಮೇಲೆ ನನ್ನ ಓದುವ ಮೇಜು ಬೆಳಿಗ್ಗೆ ತರಕಾರಿ ಹೆಚ್ಚುವ ಮಣೆ, ಸಂಜೆ ಇಸ್ತ್ರಿ ಮಾಡುವ ಕಟ್ಟೆ. (ನಡುವಿನ ಹೊತ್ತು ಅದು ಖಾಲಿ. ಆಗ ನಾನು ಆಫೀಸಿನಲ್ಲಿರುತ್ತೇನೆ.)

ಹಾಗಾಗಿ ಮನೆಯ ಹಿಂಬದಿ ಸ್ವಲ್ಪ ಬೆಳೆಸುವುದೆಂದಾಗ, ಹೊಸ ಮಲಗುವ ಕೋಣೆ ತನ್ನ ಅಮ್ಮನಿಗೆ ಎಂದು ನನ್ನಾಕೆ ರಾಜಾಜ್ಞೆ ಹೊರಡಿಸಿದ ಮೇಲೆ, ಮೂಲೆಯಲ್ಲಿ ಉಳಿದ ಚೂರು ಜಾಗವನ್ನು ನನ್ನ ಸಾಮ್ರಾಜ್ಯವೆಂದು ಸಾರಿದೆ.

ನಕ್ಷೆ ಬರೆಯುವವನು ತಲೆ ಕೆರೆದುಕೊಂಡ. "ಸಾರ್, ಇಷ್ಟು ಚಿಕ್ಕದನ್ನ ಕೋಣೆ ಅಂತ ತೋರಿಸಿದ್ರೆ ಪರವಾನಗಿ ಸಿಗಲ್ಲ. ಜನ ವಾಸ ಮಾಡೋ ಕೋಣೆಗೆ ಕನಿಷ್ಠ ಇಷ್ಟು ಅಗಲ ಅಂತ ನಿಯಮ ಇದೆ."

"ನಾನು ವಾಸ ಮಾಡಲ್ಲ ಕಣಯ್ಯಾ, ಸುಮ್ನೆ ಕೂತ್ಕೋತೀನಿ!"

ಅವನ ಮುಖ ಅರಳಿತು. "ಹಾಗಾದ್ರೆ ಶೌಚಾಲಯ ಅಂತ ಬರೆದುಬಿಡ್ಲಾ? ಅದಕ್ಕೆ ಇಷ್ಟು ಜಾಗ ಧಾರಾಳ. ಕಟ್ಟಿದ್ಮೇಲೆ ಒಳಗೆ ಏನ್ ಬೇಕಾದ್ರೂ ಇಟ್ಕೊಳ್ಳಿ, ಯಾರು ಬಂದು ನೋಡ್ತಾರೆ?"

ಪರವಾನಗಿ ಬಂತು. ಗೋಡೆ ಎದ್ದಿತು. ಕುರ್ಚಿ ಇಟ್ಟೆ, ಪುಸ್ತಕದ ಕಪಾಟು ಇಟ್ಟೆ, ಒಂದು ಇಡೀ ಭಾನುವಾರ ಚಿಲಕ ಹಾಕಿಕೊಂಡು ಕೂತೆ. ಓದಲಿಲ್ಲ, ಬರೆಯಲಿಲ್ಲ. ಆ ಚಿಲಕವನ್ನೇ ಕಣ್ತುಂಬ ನೋಡುತ್ತಿದ್ದೆ.

ಆಮೇಲೆ, ಬಂದು ನೋಡುವವರು ಬಂದೇ ಬಿಟ್ಟರು. ಕಟ್ಟಿದ್ದೆಲ್ಲ ನಕ್ಷೆಯಂತೆಯೇ ಇದೆಯೆಂದು ನಗರಸಭೆಯ ಇಂಜಿನಿಯರು ಸಹಿ ಹಾಕದಿದ್ದರೆ ಹೊಸ ಭಾಗಕ್ಕೆ ನೀರೂ ಇಲ್ಲ, ಕರೆಂಟೂ ಇಲ್ಲ. ಅವರು ನಕ್ಷೆ ನೋಡಿದರು, ಕುರ್ಚಿ ನೋಡಿದರು, ನನ್ನನ್ನು ನೋಡಿದರು.

"ಕಮೋಡ್ ಎಲ್ಲಿ?"

"ಇದು ಓದೋದಕ್ಕೆ ಅಂತ, ಸಾರ್..."

"ಧಾರಾಳವಾಗಿ ಓದಿ. ಮೊದಲು ಕಮೋಡ್ ಕೂರಿಸಿ."

"ಕೂರಿಸಿಬಿಡಿ ರೀ," ಎಂದು ನನ್ನಾಕೆ ಆಮೇಲೆ ಸಮಾಧಾನ ಹೇಳಿದಳು. "ಸಹಿ ಆದ್ಮೇಲೆ ಕಿತ್ತು ಹಾಕ್ಸಿದ್ರಾಯ್ತು."

ಕಮೋಡ್ ಕೂತಿತು, ಸಹಿ ಬಿತ್ತು. ಕೀಳುವುದಕ್ಕೆ ಪ್ಲಂಬರನ್ನು ಕರೆತಂದರೆ, ನನ್ನ ಕೋಣೆಗೆ ಒಳಗಿನಿಂದ ಚಿಲಕ!

"ಅಮ್ಮ ಇದಾಳೆ," ಎಂದಳು ನನ್ನಾಕೆ ಪಿಸುದನಿಯಲ್ಲಿ. "ಮಂಡಿನೋವಲ್ಲಿ ಕುಕ್ಕರಗಾಲು ಹಾಕಕ್ಕಾಗ್ದೆ ಒದ್ದಾಡ್ತಿದ್ಲು ಪಾಪ. ತನಗೋಸ್ಕರಾನೇ ಕಟ್ಟಿಸಿದ್ರಿ ಅಂದ್ಕೊಂಡು, ಅಳಿಯ ಅಂದ್ರೆ ಹೀಗಿರ್ಬೇಕು ಅಂತ ನೆಂಟರಿಗೆಲ್ಲ ಫೋನ್ ಮಾಡ್ತಿದಾಳೆ. ಈಗ ನೀವೇ ಹೇಳಿ, ಕೀಳಿಸ್ಲಾ?"

ಮದುವೆಯಾದಂದಿನಿಂದ ಅತ್ತೆಯವರ ಬಾಯಲ್ಲಿ ಬಂದ ಮೊದಲ ಹೊಗಳಿಕೆ ಅದು. ಪ್ಲಂಬರನಿಗೆ ಕಾಫಿ ಕೊಟ್ಟು ಕಳಿಸಿದೆ.

"ಅಳಿಯಂದ್ರೇ," ಒಳಗಿನಿಂದ ಪರಮತೃಪ್ತಿಯ ದನಿ ಬಂತು, "ನಿಮ್ಮ ಪುಸ್ತಕ ಹಿಡ್ಕೊಂಡು ಇಲ್ಲಿ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ ನೋಡಿ. ಯಾರ ಕಾಟಾನೂ ಇಲ್ಲ!"

"ಹೌದಂತೆ, ಅತ್ತೆ," ಎಂದೆ, ಬಾಗಿಲಿನ ಈಚೆಯಿಂದ.