ಮೌನದ ಛತ್ರಿಗೆ ಮೂರು ಸೌಲಭ್ಯ

ಬೀದರಿನಲ್ಲಿ ಜಿಲ್ಲಾ ಮಾಯಾವಸ್ತು ಗುಣಮಟ್ಟ ಸಮಿತಿ ಎಂಬುದೊಂದಿದೆ. ಜಿಲ್ಲೆಯ ಯುವಜನರು ಮೊಬೈಲಿನಲ್ಲಿ ಯಾವ್ಯಾವುದೋ ಊರಿನ ರಾಜರ ಪರವಾಗಿ ಯುದ್ಧ ಮಾಡುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಿ, ನಮ್ಮದೇ ಒಂದು ಯುದ್ಧದಾಟ ಬೇಕೆಂದು ತೀರ್ಮಾನವಾದ ದಿನವೇ ಸಮಿತಿ ರಚನೆಯಾಯಿತು. ಆಟ ನಿಧಾನಕ್ಕೆ ಆಗಲಿ ಎಂದು ಬಿಟ್ಟರು.

ಆಟದಲ್ಲಿ ಎರಡು ರಾಜ್ಯ: ಭಾಲ್ಕಿ ಮತ್ತು ಔರಾದ. ಸೇನಾಪತಿಗಳು ಬಳಸುವ ಮಾಯಾವಸ್ತುಗಳನ್ನು ಕಲ್ಪಿಸಲು ಔರಾದದ ಪ್ರಣಿತಾಳನ್ನು ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ನೇಮಿಸಿಕೊಂಡಿದ್ದರು. ದಿನಾ ಬಸ್ಸಿನಲ್ಲಿ ಬಂದು ಹೋಗುವವಳಾದ್ದರಿಂದ ಕಲ್ಪನೆಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಅವಳು ನಲವತ್ತು ವಸ್ತು ಬರೆದುಕೊಟ್ಟಳು. ಅವಳ ಜೀವ ಇದ್ದದ್ದು ಮಾತ್ರ ಒಂದರ ಮೇಲೆ. ಅದು ಮೌನದ ಛತ್ರಿ. ಅದರ ಕೆಳಗೆ ನಿಂತ ಸೈನ್ಯ ಶತ್ರುವಿಗೆ ಕಾಣುವುದಿಲ್ಲ; ಆದರೆ ತನ್ನ ಸೇನಾಪತಿಯ ಆಜ್ಞೆಯೂ ಅದಕ್ಕೆ ಕೇಳಿಸುವುದಿಲ್ಲ. ಒಮ್ಮೆ ಔರಾದ ಬಸ್ ನಿಲ್ದಾಣದಲ್ಲಿ ಮಳೆಗೆ ಛತ್ರಿ ಹಿಡಿದು ನಿಂತಾಗ ಅವಳು ಕಂಡಕ್ಟರಿಗೆ ಕಾಣಲಿಲ್ಲ, ಕಂಡಕ್ಟರ್ ಕೂಗಿದ್ದು ಅವಳಿಗೆ ಕೇಳಲಿಲ್ಲ, ಬಸ್ಸು ಹೊರಟೇ ಹೋಯಿತು. ಸಿಟ್ಟು ಇಳಿಯುವ ಮೊದಲೇ ವಸ್ತು ಹೊಳೆದಿತ್ತು. ಯಾವಾಗ ಬಿಚ್ಚಬೇಕು, ಯಾವಾಗ ಮಡಚಬೇಕು ಎಂದು ಆಡುವವರು ತಲೆ ಕೆರೆದುಕೊಳ್ಳಬೇಕು, ಮಜಾ ಇರುವುದೇ ಅಲ್ಲಿ. ಉಳಿದ ಮೂವತ್ತೊಂಬತ್ತನ್ನು ಬೇಕಾದರೆ ಒಲೆಗೆ ಹಾಕಲಿ, ಇದೊಂದು ಇದ್ದ ಹಾಗೇ ಆಟಕ್ಕೆ ಹೋಗಲಿ ಎಂದು ಅವಳ ಆಸೆ.

ಸಮಿತಿಯ ಅಧೀಕ್ಷಕ ವೈಜಿನಾಥರು ಸಭ್ಯರು. ಯಾವ ಕಡತವನ್ನೂ ಓದದೆ ಕೆಡಿಸಿದವರಲ್ಲ.

“ಛತ್ರಿ ಛಲೋ ಅದ ತಂಗಿ. ಆದ್ರ ಇದರಾಗ ಫಲಾನುಭವಿಗೆ ನುಕ್ಸಾನ ಅದಲ್ಲ?”

“ನುಕ್ಸಾನ ಇದ್ರೇನೇ ಆಡೋರು ವಿಚಾರ ಮಾಡ್ತಾರ್ರಿ ಸರ್.”

“ವಿಚಾರ ಮಾಡ್ಲಾಕ ಹಚ್ಚೋದು ನಮ್ಮ ಉದ್ದೇಶದಾಗ ಇಲ್ರಿ.” ಉದ್ದೇಶಗಳ ಪಟ್ಟಿ ತೆಗೆದು ತೋರಿಸಿದರು. ನಿಜವಾಗಿಯೂ ಇರಲಿಲ್ಲ.

ಮರುದಿನ ಸುತ್ತೋಲೆ ಹೊರಟಿತು: “ಪ್ರತಿಯೊಂದು ಮಾಯಾವಸ್ತುವೂ ಕನಿಷ್ಠ ಮೂರು ಸೌಲಭ್ಯಗಳನ್ನು ಹೊಂದಿರತಕ್ಕದ್ದು. ಯಾವುದೇ ಅನಾನುಕೂಲ ಕಂಡುಬಂದಲ್ಲಿ ಕಲ್ಪಿಸಿದವರನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು.” ಅದರನ್ವಯ ಬೆಂಕಿ ಬಾಣಕ್ಕೆ ಕುಡಿಯುವ ನೀರಿನ ವ್ಯವಸ್ಥೆ ಸೇರಿತು. ರೈಲಿಲ್ಲದ ಔರಾದಕ್ಕೆ ಹಾರುವ ಮಂಚ ಮಂಜೂರಾಯಿತು. ಭಾಲ್ಕಿಯ ಸದಸ್ಯೆ ಬಸವೇಶ್ವರಿ ಎದ್ದು ನಿಂತರು.

“ನಮ್ಮಲ್ಲಿ ರೈಲ ಬರ್ತದ ಅಂತ ಮಂಚ ತಪ್ಪಸ್ತೀರೇನ್ರಿ?”

ಮಂಚ ಇಬ್ಬರಿಗೂ ಸಿಕ್ಕಿತು. ಛತ್ರಿಯ ಕಿವುಡು ತೆಗೆದರು. ಶತ್ರುವಿಗೆ ಕಾಣದಿರುವುದು, ಆಜ್ಞೆ ಸ್ಪಷ್ಟವಾಗಿ ಕೇಳುವುದು, ಬಿಸಿಲಿಗೆ ನೆರಳಾಗುವುದು ಎಂದು ಸೌಲಭ್ಯ ಮೂರಾಯಿತು. ತಾರತಮ್ಯ ಬೇಡವೆಂದು ಎರಡೂ ರಾಜ್ಯಗಳ ಪ್ರತಿಯೊಂದು ತುಕಡಿಗೂ ಒಂದೊಂದು ಛತ್ರಿ ವಿತರಿಸಲಾಯಿತು. ಅಂದು ಬಸ್ಸಿನಲ್ಲಿ ಪ್ರಣಿತಾಗೆ ಅಳು ಬಂದಿತ್ತು. ಪಕ್ಕದವರು ಕೇಳಿದ್ದಕ್ಕೆ ಧೂಳು ಎಂದಳು.

ಆಟದ ಪರೀಕ್ಷೆಯ ದಿನ ಆಪರೇಟರ್ ಖಾಸಿಂ ಅಲಿ ಕಂಪ್ಯೂಟರ್ ಹಚ್ಚಿದ. ಯುದ್ಧ ಶುರುವಾಯಿತು. ಪರದೆಯ ಮೇಲೆ ಒಂದು ದೊಡ್ಡ ಮೈದಾನ, ಅದರಲ್ಲಿ ಯಾರೂ ಇಲ್ಲ. ಅರ್ಧ ಗಂಟೆ ಎಲ್ಲರೂ ನೋಡಿದರು. “ಸಾವುನೋವು ಶೂನ್ಯ. ಕಾನೂನು ಸುವ್ಯವಸ್ಥೆ ತೃಪ್ತಿಕರ” ಎಂದು ನಡಾವಳಿಯಲ್ಲಿ ದಾಖಲಾಗಿ ಆಟ ಬಿಡುಗಡೆಯಾಯಿತು.

ವಾರದೊಳಗೆ ಎರಡು ಅರ್ಜಿ ಬಂದವು. ತಾನೇ ಗೆದ್ದೆನೆಂದು ಭಾಲ್ಕಿಯ ಆಟಗಾರ, ಇಲ್ಲ ತಾನೆಂದು ಔರಾದದವನು. ವೈಜಿನಾಥರು ಕಂಪ್ಯೂಟರಿನ ಸುತ್ತ ಕುರ್ಚಿ ಹಾಕಿಸಿ ಮೈದಾನದ ಸ್ಥಳ ಪಂಚನಾಮೆಗೆ ಕುಳಿತರು.

“ತಜ್ಞರು ನೀವೇ ತಂಗಿ. ಕಂಡದ್ದು ಬರೀರಿ.”

ಪ್ರಣಿತಾ ಪೆನ್ನು ತೆಗೆದಳು. ಆಟ ಕೆಟ್ಟಿದೆ ಎಂದು ಒಪ್ಪಿಸಿ ತನ್ನ ಮೊದಲಿನ ಛತ್ರಿಯನ್ನು ಉಳಿಸಿಕೊಳ್ಳಲು ಇದೊಂದೇ ದಾರಿ. ದೊಡ್ಡ ಅಕ್ಷರಗಳಲ್ಲಿ ಬರೆದಳು: “ಮೈದಾನದಲ್ಲಿ ಏನೂ ಕಾಣುತ್ತಿಲ್ಲ.”

ವೈಜಿನಾಥರು ಎರಡು ಸಲ ಓದಿದರು. ಅವರ ಮುಖ ಅರಳಿತು.

“ನೋಡ್ರಿ, ಛತ್ರಿ ಪಕ್ಕಾ ಕೆಲಸ ಮಾಡ್ಲಾಕತ್ತದ ಅಂತ ತಜ್ಞರೇ ಬರದುಕೊಟ್ಟಾರ.”

ಇಬ್ಬರೂ ಗೆದ್ದರೆಂದು ಪ್ರಮಾಣಪತ್ರ ಹೋಯಿತು. ಮೌನದ ಛತ್ರಿಗೆ ಜಿಲ್ಲೆಯ ಅತ್ಯುತ್ತಮ ಮಾಯಾವಸ್ತು ಪುರಸ್ಕಾರ ಬಂದಿತು, ಪ್ರಣಿತಾಳ ಗುತ್ತಿಗೆ ಮುಂದುವರಿಯಿತು. ಸಮಾರಂಭದಲ್ಲಿ ಅವಳಿಗೆ ಶಾಲು ಹೊದಿಸಿ, ದೊಡ್ಡ ಪರದೆಯ ಮೇಲೆ ನೇರ ಯುದ್ಧ ತೋರಿಸಿದರು. ತುಂಬಿದ ಸಭೆ ಖಾಲಿ ಮೈದಾನವನ್ನು ಕಣ್ಣು ಕೀಳದೆ ನೋಡುತ್ತಿತ್ತು. ಆಗಾಗ ಚಪ್ಪಾಳೆ ಬೀಳುತ್ತಿತ್ತು. ಪ್ರಣಿತಾ ಮೊದಮೊದಲು ತಲೆ ತಗ್ಗಿಸಿ ಕುಳಿತಿದ್ದಳು. ಆಮೇಲೆ ನೋಡತೊಡಗಿದಳು.

ಪಕ್ಕದ ಕುರ್ಚಿಯಲ್ಲಿದ್ದ ಬಸವೇಶ್ವರಿ ಬಾಗಿ ಹೇಳಿದರು, “ನಮ್ಮ ಭಾಲ್ಕಿಯವ್ರು ಭಾಳ ಮುಂದ ಬಂದಾರ ನೋಡ್ರಿ.”

“ಎಲ್ಲಿ ಬಂದಾರ್ರಿ ಮೇಡಮ್,” ಎಂದಳು ಪ್ರಣಿತಾ, ಶಾಲು ಸರಿಮಾಡಿಕೊಳ್ಳುತ್ತ. “ಎಡಕ್ಕ ನೋಡ್ರಿ. ನಮ್ಮ ಔರಾದದವ್ರು ನಿಮ್ಮವ್ರನ್ನ ಯಾವಾಗೋ ಸುತ್ತುವರದಾರ.”