ರಾಣಿ ಮುಂದೆ ಸೈನಿಕ, ಮೇಜಿನ ಕೆಳಗೆ ಪೊಲೀಸ್

ಹೆದರುವವರ ಮೇಲೇ ಹಾವು ಎಸೆಯುತ್ತಾರಂತೆ. ಚೆಸ್ ಮಣೆಯ ಮುಂದೆ ಕೂತಾಗಲೆಲ್ಲ ಮೇಷ್ಟ್ರಾದ ನನ್ನ ಮೇಲೆ ಒಂದಲ್ಲ ಒಂದು ಬಂದು ಬೀಳುತ್ತಲೇ ಇರುತ್ತದೆ. ಮೊನ್ನೆ ಚಿತ್ರದುರ್ಗದ ಟೂರ್ನಮೆಂಟಿಗೆಂದು ಹೊಳಲ್ಕೆರೆಯಲ್ಲಿ ಬಸ್ ಹತ್ತುವಾಗಲೇ ಹೆಂಡತಿ ಹೇಳಿದ್ದಳು: "ಈ ಸಲಾನೂ ಎಲ್ಲಾ ಸೋತ್ಕಂಡು ಬಂದ್ರೆ ಆ ಮಣೆ ನೀರೊಲೆಗೆ ಹಾಕ್ತೀನಿ, ನೋಡ್ರಿ." ಆಡಿದ ಮಾತಿಗೆ ತಪ್ಪುವವಳಲ್ಲ. ಮಣೆ ನಮ್ಮಪ್ಪ ಕೊಡಿಸಿದ್ದು. ಒಳ್ಳೆಯ ಮರದ್ದು, ಚೆನ್ನಾಗಿ ಉರಿಯುತ್ತದೆ.

ನಮಸ್ಕಾರ

ಮೊದಲ ಆಟಕ್ಕೆ ಎದುರಿಗೆ ಹಿರಿಯೂರಿನ ಶಾಲಾ ಹುಡುಗಿ. ನನಗೆ ಗೊತ್ತಿರುವುದು ಒಂದೇ ಶುರು: ರಾಣಿಯ ಮುಂದಿನ ಸೈನಿಕನನ್ನು ಎರಡು ಮನೆ ನಡೆಸುವುದು. ಅದಕ್ಕೂ ಮೊದಲು, ಅಂಗಡಿಯವರು ಬೋಣಿ ಕಾಸನ್ನು ಒತ್ತಿಕೊಳ್ಳುವ ಹಾಗೆ, ರಾಜನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

"ಅಂಕಲ್, ಮುಟ್ಟಿದ ಕಾಯಿನೇ ನಡೆಸ್ಬೇಕು," ಎಂದಳು.

ತೀರ್ಪುಗಾರರು ಬಂದು ನೋಡಿ, "ಸುತ್ತ ಅವನ ಕಡೆಯೋರೇ ನಿಂತವ್ರೆ, ರಾಜ ಎಲ್ಲಿಗೆ ಹೋಗ್ತಾನಮ್ಮ? ಬೇರೆ ಆಡ್ರಿ ಮೇಷ್ಟ್ರೇ," ಎಂದರು.

ಅರ್ಧ ಗಂಟೆಯಲ್ಲಿ ರಾಜನಿಗೆ ಮತ್ತೆ ಹೋಗಲು ಜಾಗವಿರಲಿಲ್ಲ. ಈ ಸಲ ಸುತ್ತ ನಿಂತವರು ಅವಳ ಕಡೆಯವರು.

ಒಂದು ಮರಿ

ಎರಡನೆಯ ಆಟ ಮಾಡದಕೆರೆಯ ಕುರಿ ಸಾಕುವ ಯಜಮಾನರ ಜೊತೆ. ನನ್ನ ಶುರುವಿನಲ್ಲಿ ಎರಡನೇ ನಡೆಗೆ ಪಕ್ಕದ ಸೈನಿಕನನ್ನು ಬೇಕೆಂದೇ ಎದುರಾಳಿಯ ಬಾಯಿಗೆ ಬಿಡಬೇಕು. ಬಿಟ್ಟೆ. ಬಿಟ್ಟ ಮೇಲೆ ಬೆವರಿದೆ.

"ಯಾಕ್ ಮೇಷ್ಟ್ರೇ ಹಿಂಗ್ ನಡುಗ್ತೀರ? ಒಂದ್ ಮರಿ ಹೋದ್ರೆ ಹೋತು. ಹಿಂಡು ನೋಡ್ಕಳ್ರಿ."

ನಾನು ಹಿಂಡು ನೋಡಿಕೊಳ್ಳುತ್ತಿರುವಾಗಲೇ ಯಜಮಾನರು ನನ್ನ ರಾಣಿಯನ್ನು ಹೊಡೆದುಕೊಂಡು ಹೋದರು.

ಕಾಲು

ಉಳಿದದ್ದು ಒಂದೇ ಆಟ. ಕಣ್ಣ ಮುಂದೆ ನೀರೊಲೆ. ಎದುರಿಗೆ ಬಂದು ಕೂತವನು ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ಎಳೆಯ ಪೊಲೀಸ್. ಬೈಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಹೋಗುವಾಗಲೂ ಪೊಲೀಸರನ್ನು ಕಂಡರೆ ಹೆದರುವ ಜೀವ ನಂದು. ರಾಣಿಯ ಮುಂದಿನ ಸೈನಿಕನನ್ನು ನಡೆಸಿದವನೇ ಕೈ ಹಿಂದಕ್ಕೆ ಎಳೆದುಕೊಂಡೆ.

ಕೊನೆಗೆ ಇನ್ನೊಂದು ನಡೆ ನಡೆಸಿದರೆ ಅವನು ಗೆದ್ದ. ಆದರೆ ಆಟದ ಗಡಿಯಾರದಲ್ಲಿ ಅವನ ಪಾಲಿಗೆ ಉಳಿದದ್ದು ಕೆಲವೇ ಸೆಕೆಂಡು; ಅದು ಮುಗಿದರೆ ಸೋತ ಹಾಗೆ. ಕೈ ಎತ್ತಿ ಮುಂದೆ ಬಾಗಿದ. ಅವನ ಬೂಟು ನನ್ನ ಕಾಲಿಗೆ ತಗುಲಿತು. ಕಾಯಿ ಬಿಟ್ಟು ಆಸಾಮಿ ಮೇಜಿನ ಕೆಳಗೆ ನುಗ್ಗಿದ!

ನನ್ನನ್ನು ಹಿಡಿಯಲೇ ಬಂದ ಎಂದುಕೊಂಡು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡೆ.

"ಕಾಲು ಕೊಡ್ರಿ ಮೇಷ್ಟ್ರೇ! ಬೂಟು ತಗುಲ್ತು, ಮುಟ್ಟಿ ಕಣ್ಣಿಗೆ ಒತ್ಕಂತೀನಿ!"

"ಬೇಡಪ್ಪಾ, ಪರವಾಗಿಲ್ಲ!"

"ದೊಡ್ಡೋರಿಗೆ ಒದ್ದಂಗಾತು. ಕೊಡ್ರಿ!"

ಪೊಲೀಸರಿಂದ ಕಾಲು ಮುಟ್ಟಿಸಿಕೊಳ್ಳುವ ಧೈರ್ಯ ನನಗೆಲ್ಲಿಂದ ಬರಬೇಕು? ಅವನು ಹುಡುಕಿದ, ನಾನು ಮುದುರಿದೆ. ಗಡಿಯಾರ ಕೂಗಿತು.

"ಟೈಮ್ ಆತು. ಮೇಷ್ಟ್ರು ಗೆದ್ರು," ಎಂದರು ತೀರ್ಪುಗಾರರು.

ಮೇಜಿನ ಕೆಳಗಿನಿಂದ ಸಂತೋಷದ ದನಿ ಬಂತು: "ಆಗ್ಲಿ ಬಿಡ್ರಿ ಸಾರ್, ಕಾಲು ಸಿಕ್ತು!"